ಬಾಲದ ಹಗ್ಗ

ಕುದುರೆಯ ಬಾಲ ಹಿಡಿದುಕೊಂಡು ಸಂಬಳ ಎಣಿಸಿದವಳು ನಾನು. ತಮಾಷೆಗೆ ಹೇಳುತ್ತಿಲ್ಲ, ಕೆಲಸವೇ ಅದು. ದೋಹಾದಲ್ಲಿ ಕುದುರೆ ಒಂಟೆಗಳಿಗೆ ತುರ್ತು ಚಿಕಿತ್ಸೆ ಕೊಡುವ, ಜೊತೆಗೆ ಹೊಸ ಡಾಕ್ಟರುಗಳಿಗೆ ಆ ಚಿಕಿತ್ಸೆಯನ್ನು ಕಲಿಸುವ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹತ್ತು-ಹನ್ನೆರಡು ವರ್ಷ ದುಡಿದೆ. ಕೊನೆಯ ವರ್ಷಗಳಲ್ಲಿ ನನ್ನ ಕೊರಳಿನ ಕಾರ್ಡಿನಲ್ಲಿ ಬೋಧನಾ ಸಹಾಯಕಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಓದಿದ್ದು ಏಳನೇ ಕ್ಲಾಸು. ಈಗ ಮೊಮ್ಮಗಳು ಪಶುವೈದ್ಯ ಕಾಲೇಜಿಗೆ ಸೇರಿದ್ದಾಳೆ. ಅಜ್ಜಿ ಅಕಾಡೆಮಿಕ್ ಲೈನಿನಲ್ಲಿದ್ದರು ಎಂದು ಗೆಳತಿಯರಿಗೆ ಹೇಳಿಕೊಂಡು ತಿರುಗುತ್ತಾಳಂತೆ. ಹಾಗೆ ಕೊಚ್ಚಿಕೊಳ್ಳುವ ಬದಲು ಕೆಲಸ ನಿಜಕ್ಕೂ ಹೇಗಿತ್ತೆಂದು ತಿಳಿದುಕೊಳ್ಳಲಿ ಎಂದು ಬರೆಯಲು ಕೂತಿದ್ದೇನೆ. ಆ ಗೆಳತಿಯರೂ ಓದಲಿ. ಬೆಕ್ಕು-ನಾಯಿಯ ಡಾಕ್ಟರಾಗುವ ಯೋಚನೆ ಇರುವವರಿಗೆ ಇದರಿಂದ ಪ್ರಯೋಜನವಿಲ್ಲ, ಅವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಕಾರ್ಕಳದ ಕಡೆಯವಳು. ಮನೆಯಲ್ಲಿ ತುಳು, ಹಟ್ಟಿಯಲ್ಲಿ ದನ. ಗಂಡ ದೋಹಾದ ಒಂದು ಕಂಪನಿಯಲ್ಲಿ ಫೋರ್‌ಮನ್. ಮಕ್ಕಳು ದೊಡ್ಡವರಾದ ಮೇಲೆ ನಾನೂ ಹೋದೆ. ಫುಟ್‌ಬಾಲಿನ ವರ್ಲ್ಡ್ ಕಪ್ ಆ ದೇಶಕ್ಕೇ ಬರುತ್ತದೆಂದು ಊರಿಡೀ ಹಾರ್ನ್ ಹೊಡೆದು ಕುಣಿದ ಮರುವರ್ಷ ಅದು. ಬಿನ್ ಒಮ್ರಾನ್ ಎಂಬ ಬಡಾವಣೆಯ ಒಂದು ಕೋಣೆಯಲ್ಲಿ ಎ.ಸಿ. ಹಾಕಿಕೊಂಡು ಟಿ.ವಿ. ನೋಡುತ್ತಾ ಕೂರುವುದು ನನ್ನಿಂದ ಆಗಲಿಲ್ಲ. ಆಸ್ಪತ್ರೆಗೆ ಬಟ್ಟೆ ಒಗೆಯುವವರು ಬೇಕಂತೆ ಎಂದು ಕೆಳಗಿನ ಮನೆಯವರು ಹೇಳಿದರು. ಮನುಷ್ಯರ ಆಸ್ಪತ್ರೆ ಎಂದುಕೊಂಡು ಒಪ್ಪಿದೆ. ಮೊದಲ ದಿನ ಬಂದ ಹಸಿರು ಬಟ್ಟೆಯನ್ನು ಬಿಡಿಸಿದರೆ ನಮ್ಮ ಚಾವಡಿಗೆ ಹಾಸುವಷ್ಟು ಅಗಲ. ಇದು ಯಾವ ರೋಗಿಯದು ಎಂದು ಕೇಳಿದೆ. ಕಿಟಕಿಯಾಚೆ ಕುದುರೆ ತೋರಿಸಿದರು.

ಒಗೆಯುವವಳು ಆಪರೇಷನ್ ಕೋಣೆಯವರೆಗೆ ಬಂದದ್ದು ಜನ ಕಡಿಮೆ ಬಿದ್ದ ಒಂದು ದಿನ. ಹೊಟ್ಟೆಶೂಲೆಯ ಕುದುರೆ ಬಂದಿತ್ತು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆ ಉಬ್ಬಿದರೆ ಒಳಗೇ ಒಡೆದು ಸಾಯುತ್ತದೆ. ಕರುಳು ತಿರುಚಿಕೊಂಡಿದ್ದರೆ ಕೊಯ್ದು ಬಿಡಿಸಬೇಕು, ಬೇರೆ ದಾರಿಯಿಲ್ಲ. ಕೈ ಖಾಲಿ ಇರುವವರೆಲ್ಲ ಬನ್ನಿ ಎಂದರು, ಹೋದೆ. ಕಾಲಿಗೆ ಪಟ್ಟಿ ಕಟ್ಟಿ ಕ್ರೇನಿನಲ್ಲಿ ಕುದುರೆಯನ್ನು ತಲೆಕೆಳಗಾಗಿ ಎತ್ತಿ ಮೇಜಿನ ಮೇಲೆ ಮಲಗಿಸುವುದನ್ನು ನೋಡಿದಾಗ, ಈ ಊರಿನಲ್ಲಿ ಕಟ್ಟಡಕ್ಕೂ ಕುದುರೆಗೂ ಒಂದೇ ಮಷೀನು ಎಂದು ನಗು ಬಂತು.

ಒಂದು ಮಾತು ನೆನಪಿಡಿ. ಮನುಷ್ಯರಿಗೆ ಆಪರೇಷನ್ ಮುಗಿದರೆ ಅರ್ಧ ಕಷ್ಟ ಮುಗಿಯಿತು. ಕುದುರೆಗೆ ಅಲ್ಲಿಂದಲೇ ಶುರು. ಗೋಡೆಗೂ ನೆಲಕ್ಕೂ ದಪ್ಪ ಮೆತ್ತೆ ಹಾಕಿದ ಒಂದು ಕೋಣೆ ಇರುತ್ತದೆ, ರಿಕವರಿ ರೂಮ್ ಎನ್ನುತ್ತಾರೆ. ಕುದುರೆಯನ್ನು ಅಲ್ಲಿ ಮಲಗಿಸಿ ಮಂಪರು ಇಳಿಯಲು ಬಿಡುತ್ತಾರೆ. ಅದಕ್ಕೆ ಎಚ್ಚರವಾಗುವ ಮೊದಲು ಹೆದರಿಕೆಯಾಗುತ್ತದೆ. ಹೆದರಿದರೆ ಓಡುವುದೊಂದೇ ಅದಕ್ಕೆ ಗೊತ್ತು. ತಲೆ ಸರಿಯಾಗುವ ಮೊದಲೇ ಎದ್ದು ನಿಲ್ಲಲು ಹೋಗಿ ಬಿದ್ದು ಕಾಲು ಮುರಿದುಕೊಂಡರೆ, ಡಾಕ್ಟರು ಹೊಟ್ಟೆಯೊಳಗೆ ಮಾಡಿದ್ದೆಲ್ಲ ವ್ಯರ್ಥ. ಅಷ್ಟು ಭಾರದ ಪ್ರಾಣಿ ಮೂರು ಕಾಲಿನಲ್ಲಿ ಬದುಕುವುದಿಲ್ಲ.

ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಒಳಗೆ ಕುದುರೆಯ ಕುತ್ತಿಗೆಯ ಮೇಲೆ ಮಂಡಿಯೂರಿ ಕೂತಿದ್ದವರು ಡಾಕ್ಟರ್ ಶ್ರೀಕಂಠಯ್ಯ, ಮೈಸೂರಿನವರು, ಅಲ್ಲಿಯ ದೊಡ್ಡ ಪ್ರೊಫೆಸರು. ಕುದುರೆ ಹಿಂಗಾಲು ಕೊಡವಿತು. ನಮ್ಮ ಹಟ್ಟಿಯಲ್ಲಿ ಬಿದ್ದ ದನ ಕಾಲು ಕೊಡವಿದರೆ ಏನು ಮಾಡುತ್ತೇವೋ ನಾನು ಅದನ್ನೇ ಮಾಡಿದೆ. ಹಿಂದಿನಿಂದ ಹೋಗಿ ಬಾಲ ತಿರುಚಿ, ಹೋ ಏಳು ಏಳು ಎಂದು ಗಟ್ಟಿಯಾಗಿ ಕೂಗಿದೆ. ಕುದುರೆ ಎದ್ದಿತು. ಪ್ರೊಫೆಸರು ಗೋಡೆಯ ಮೆತ್ತೆಗೆ ಹೋಗಿ ಬಡಿದು ಕೆಳಗೆ ಕೂತರು. ಕುದುರೆ ಎರಡು ಸುತ್ತು ತೂರಾಡಿತು, ಅದೃಷ್ಟಕ್ಕೆ ಬೀಳಲಿಲ್ಲ.

ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ಕೂತಲ್ಲಿಂದಲೇ ಕನ್ನಡಕ ಹುಡುಕಿಕೊಂಡು, ಹೆಸರೇನು, ಯಾವ ಊರು ಎಂದು ಕೇಳಿದರು. ಹೇಳಿದೆ.

"ನೋಡಿ ಗಿರಿಜಮ್ಮ," ಎಂದರು, "ದನ ಕೂತ್ರೆ ಸಾಯುತ್ತೆ, ಎಬ್ಬಿಸ್ಬೇಕು. ಕುದುರೆ ಬೇಗ ಎದ್ರೆ ಸಾಯುತ್ತೆ, ಮಲಗಿಸ್ಬೇಕು. ಬಾಲದ ಮೇಲೆ ನಿಮಗೆ ಇಷ್ಟು ಪ್ರೀತಿ ಇದ್ರೆ ಇನ್ಮೇಲೆ ಬಾಲದ ಹಗ್ಗ ನೀವೇ ಹಿಡೀರಿ."

ಹೀಗೆ ನನ್ನ ಅಕಾಡೆಮಿಕ್ ಲೈನು ಶುರುವಾಯಿತು.

ಬಾಲದ ಹಗ್ಗ ಎಂದರೆ ಏನೆಂದು ಹೇಳುತ್ತೇನೆ. ಮೊದಲು ಕುತ್ತಿಗೆಯ ಮೇಲೆ ಆಳು ಕೂತು ತಡೆಯುತ್ತಿದ್ದರು. ಹೊಸ ಕ್ರಮ ಆಗಷ್ಟೇ ಬರುತ್ತಿತ್ತು. ತಲೆಗೊಂದು, ಬಾಲಕ್ಕೊಂದು ಹಗ್ಗ ಕಟ್ಟಿ, ಗೋಡೆಯ ಕಬ್ಬಿಣದ ಬಳೆಗಳಲ್ಲಿ ತೂರಿಸಿ ಹೊರಗೆ ತರುವುದು. ಹೊರಗೆ ಮೋಟು ಗೋಡೆಯ ಆಚೆ ಒಬ್ಬರು ತಲೆಯ ಹಗ್ಗ, ಒಬ್ಬರು ಬಾಲದ ಹಗ್ಗ ಹಿಡಿದು ನಿಲ್ಲಬೇಕು. ಕುದುರೆ ಏಳುವ ಹೊತ್ತಿಗೆ ಸರಿಯಾಗಿ ಎಳೆದರೆ ಅದರ ಹಿಂಭಾಗಕ್ಕೆ ಆಸರೆ. ಹೊತ್ತಲ್ಲದ ಹೊತ್ತಿನಲ್ಲಿ ಎಳೆದರೆ ನಾವೇ ಬೀಳಿಸಿದ ಹಾಗೆ. ಎಳೆ ಎಂದು ಹೇಳುವುದು ಡಾಕ್ಟರು. ಹಗ್ಗದವರು ಬುದ್ಧಿ ಉಪಯೋಗಿಸಬಾರದು. ಇದನ್ನು ಕಲಿಯಲು ನನಗೆ ಬಹಳ ಕಾಲ ಬೇಕಾಯಿತು. ತಲೆಯ ಹಗ್ಗ ಸುಡಾನಿನ ಇದ್ರೀಸನದು, ಲಾಯದ ಮುಖ್ಯಸ್ಥ. ನನ್ನನ್ನು ಮಾಮಾ, ಅಂದರೆ ಅಮ್ಮ, ಎನ್ನುತ್ತಿದ್ದ. ನಾವಿಬ್ಬರೂ ಹಗ್ಗ ಹಿಡಿದು ನಿಂತ ಹೊತ್ತಿಗೆ ಅವನಿಗೆ ಫುಟ್‌ಬಾಲಿನ ಮಾತು, ನನಗೆ ಮಂಡಿನೋವಿನ ಮಾತು. ಇಬ್ಬರೂ ಇನ್ನೊಬ್ಬರದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ, ಹಾಗಾಗಿ ಜಗಳವಾಗಲಿಲ್ಲ.

ಮೇಲಧಿಕಾರಿಗಳಲ್ಲಿ ಎಲ್ಲ ಥರದವರೂ ಬಂದುಹೋದರು. ಒಬ್ಬ ಮ್ಯಾನೇಜರು ಒಂಟೆಯ ವಾರ್ಡಿನವರೆಲ್ಲ ಬಿಳಿ ಶೂ ಹಾಕಬೇಕೆಂದು ಆರ್ಡರ್ ಹೊರಡಿಸಿದ. ಇದ್ರೀಸ್ ಅವನನ್ನು ವಾರ್ಡ್ ತೋರಿಸಲು ಮರ್ಯಾದೆಯಿಂದ ಕರೆದುಕೊಂಡು ಹೋದ. ಕೋಪದಲ್ಲಿದ್ದ ಒಂಟೆಯೊಂದು ಮೆಲುಕಿನ ಸಮೇತ ಉಗುಳಿತು. ಆರ್ಡರ್ ಖಲಾಸ್.

ಶ್ರೀಕಂಠಯ್ಯನವರು ಬೇರೆ ಜಾತಿಯ ಮೇಲಧಿಕಾರಿ. ಬೈಯುತ್ತಿರಲಿಲ್ಲ, ಉತ್ತರವನ್ನೂ ಹೇಳುತ್ತಿರಲಿಲ್ಲ. ಕಲಿಯಲು ಬಂದ ಡಾಕ್ಟರು ಏನು ಕೇಳಿದರೂ ನೀವೇನಂತೀರಿ ಎಂದು ತಿರುಗಿ ಕೇಳುವುದು. ಒಮ್ಮೆ ಆಪರೇಷನ್ ಆದ ಕುದುರೆಯೊಂದು ಮರುದಿನವೂ ಮಂಕಾಗಿ ನಿಂತಿತ್ತು. ಬಕೆಟ್ ಬಡಿದರೂ ಕಿವಿ ಅಲ್ಲಾಡಿಸುವುದಿಲ್ಲ. ಬೆಳಗಿನ ರೌಂಡಿನಲ್ಲಿ ಮೂರು ದೇಶದ ಡಾಕ್ಟರುಗಳು ನಿಂತು ನರದ ದೋಷ, ಔಷಧದ ದೋಷ, ಮೆದುಳಿಗೆ ಗಾಳಿ ಕಡಿಮೆಯಾದದ್ದು ಎಂದು ಪುಸ್ತಕದಲ್ಲಿರುವುದನ್ನೆಲ್ಲ ಹೇಳಿದರು. ಪ್ರೊಫೆಸರು ಎಲ್ಲವನ್ನೂ ಕೇಳಿದರು. ಕೊನೆಗೆ ಕುದುರೆಯ ಕಿವಿಯೊಳಗೆ ಬೆರಳು ಹಾಕಿ ಮುಷ್ಟಿಯಷ್ಟು ಹತ್ತಿ ಹೊರಗೆಳೆದರು. ಸದ್ದಿಗೆ ಬೆಚ್ಚಬಾರದೆಂದು ಮಲಗಿದ ಕುದುರೆಯ ಕಿವಿಗೆ ಹತ್ತಿ ತುಂಬುವುದು ಕ್ರಮ, ಕಣ್ಣಿಗೆ ಟವೆಲ್ ಮುಚ್ಚುವುದೂ ಕ್ರಮ. ಟವೆಲ್ ಕಾಣುತ್ತದೆ, ಎಲ್ಲರೂ ತೆಗೆಯುತ್ತಾರೆ. ಹತ್ತಿ ತೆಗೆಯುವುದು ಯಾರ ಕೆಲಸವೆಂದು ಯಾರೂ ಹೇಳಿರಲಿಲ್ಲ. ಪ್ರೊಫೆಸರು ಆ ಹತ್ತಿಯನ್ನು ಒಬ್ಬೊಬ್ಬರ ಕೈಗೂ ಕೊಟ್ಟು ನೋಡಿ ಎಂದರು. ನನ್ನ ಕೈಗೂ ಬಂತು. ಅವತ್ತಿನಿಂದ ಹತ್ತಿಗೆ ಉದ್ದನೆಯ ಕೆಂಪು ದಾರ ಕಟ್ಟಿ, ದಾರದ ತುದಿ ಕಿವಿಯ ಹೊರಗೆ ನೇತಾಡುವ ಹಾಗೆ ಬಿಡುವುದು ಎಂದಾಯಿತು. ದಾರ ಕಟ್ಟುವ ಕೆಲಸ ನನಗೇ ಬಿತ್ತು.

ಆಮೇಲೆ ಊರನ್ನೆಲ್ಲ ಅಗೆದು ಹಾಕಿದ ವರ್ಷಗಳು. ಸ್ಟೇಡಿಯಂ, ಮೆಟ್ರೋ, ಮೇಲ್ಸೇತುವೆ. ನಿನ್ನೆ ಹೋದ ರಸ್ತೆ ಇವತ್ತು ಇರುತ್ತಿರಲಿಲ್ಲ. ಆ ಕಾಲದಲ್ಲೇ ಡಾಕ್ಟರ್ ಶಾಹಿನ ಬಂದದ್ದು. ಬಂಟ್ವಾಳದ ಬ್ಯಾರಿ ಹುಡುಗಿ. ಡಾಕ್ಟರ್ ಓದು ಮುಗಿಸಿ, ದೊಡ್ಡ ಪ್ರಾಣಿಗಳ ತುರ್ತು ಚಿಕಿತ್ಸೆಯನ್ನೇ ವರ್ಷಗಟ್ಟಲೆ ಕಲಿಯಲು ಬಂದಿದ್ದಳು. ಎತ್ತರ ನನ್ನ ಭುಜದಷ್ಟು, ಕೈ ಬಳೆಯಂಗಡಿಯ ಮಾದರಿ ಕೈಯ ಹಾಗೆ ತೆಳ್ಳಗೆ. ಕುದುರೆ ಊದಿದರೆ ಇವಳು ಹಾರಿಹೋಗುತ್ತಾಳೆ ಎಂದು ನಾನು ಅವಳ ಮುಖಕ್ಕೇ ಹೇಳಿದೆ. ಅವಳು ನಕ್ಕಳು.

ಬಂದ ಕೆಲವೇ ತಿಂಗಳಲ್ಲಿ ಮರಿ ಹಾಕಲಾಗದೆ ಒದ್ದಾಡುತ್ತಿದ್ದ ಒಂದು ಒಂಟೆಯನ್ನು ತರಲು ಅವಳು, ನಾನು, ಇದ್ರೀಸ್ ಟ್ರೇಲರ್ ತೆಗೆದುಕೊಂಡು ಹೋದೆವು. ವಾಪಸು ಬರುವಾಗ ಓಲ್ಡ್ ಏರ್‌ಪೋರ್ಟ್ ಹತ್ತಿರ ಡೈವರ್ಶನ್ ಬೋರ್ಡು. ಅದು ತೋರಿಸಿದ ದಾರಿಯಲ್ಲಿ ಹೋದರೆ ಇನ್ನೊಂದು ಬೋರ್ಡು. ಒಂದೇ ಕಿರಾಣಿ ಅಂಗಡಿಯ ಮುಂದೆ ಮತ್ತೆ ಮತ್ತೆ ಸುತ್ತಿದೆವು. ಅಂಗಡಿಯ ಮಲಯಾಳಿ ಪ್ರತಿ ಸಲವೂ ಕೈ ಬೀಸುತ್ತಿದ್ದ. ಕೊನೆಗೆ ಶಾಹಿನ ನಿಲ್ಲಿಸಲು ಹೇಳಿದಳು. ಮರಿಯ ತಲೆ ಹಿಂದಕ್ಕೆ ಮಡಚಿಕೊಂಡಿತ್ತು. ಒಂಟೆ ಕುಕ್ಕರಿಸಿ ಕೂತಿತ್ತು. ಏಳದ ಹಾಗೆ ಇದ್ರೀಸ್ ಅದರ ಮಡಚಿದ ಮುಂಗಾಲಿಗೆ ಹಗ್ಗ ಸುತ್ತಿದ, ಒಂಟೆಯವರ ಕ್ರಮ ಅದು. ಇವಳು ಟ್ರೇಲರಿನ ನೆಲದಲ್ಲಿ ಮಲಗಿ ಭುಜದವರೆಗೆ ಕೈ ಹಾಕಿದಳು. ದಪ್ಪ ಕೈಯವರು ಹೋಗಲಾರದ ಜಾಗಕ್ಕೆ ಆ ಕಡ್ಡಿ ಕೈ ಹೋಯಿತು. ಮರಿ ಹೊರಗೆ ಬಂದಾಗ ಅಂಗಡಿಯವನು ಹೊಸ ಟವೆಲ್ ತಂದುಕೊಟ್ಟ. ಆಮೇಲೆ ಅದಕ್ಕೆ ದುಡ್ಡು ಕೇಳಿದ ಎನ್ನುವುದು ಬೇರೆ ಮಾತು.

ಅವಳು ಇಲ್ಲಿ ನಿಲ್ಲುತ್ತಾಳೆ ಎಂದು ಆವತ್ತು ನನಗೆ ಅನಿಸಿತು. ಆದರೆ ಈ ಕೆಲಸ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಹೊಡೆಯುತ್ತದೆ. ವರ್ಲ್ಡ್ ಕಪ್ಪಿಗೆ ಕೆಲವು ತಿಂಗಳು ಇರುವಾಗ ಅವಳೇ ಮುಂದೆ ನಿಂತು ಒಂದು ಕುದುರೆಯ ಆಪರೇಷನ್ ಮಾಡಿದಳು. ಹೊಲಿಗೆ ನೋಡಿ ಪ್ರೊಫೆಸರೇ ತಲೆದೂಗಿದರು. ರಿಕವರಿ ರೂಮಿನಲ್ಲಿ ಕುದುರೆ ಏಳಲು ನೋಡಿತು, ಇವಳು ಎಳೆಯಿರಿ ಎಂದಳು, ನಾನೂ ಇದ್ರೀಸನೂ ಎಳೆದೆವು. ಅದರ ತಲೆ ಇನ್ನೂ ಸರಿಯಾಗಿರಲಿಲ್ಲ. ಎದ್ದು ಎರಡು ಹೆಜ್ಜೆಯಿಟ್ಟು ಬಿತ್ತು. ಮೂಳೆಯ ಸದ್ದು ಮೆತ್ತೆಯ ಗೋಡೆಯನ್ನು ದಾಟಿ ಹೊರಗೆ ಕೇಳಿಸಿತು. ಆಮೇಲೆ ಮಾಡುವುದು ಒಂದೇ ಇಂಜೆಕ್ಷನ್.

ನಾನು ಅಳಲಿಲ್ಲ, ಅತ್ತರೆ ಕುದುರೆ ಬರುವುದಿಲ್ಲ. ಅವಳೂ ಅಳಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ಕೆಲವು ವಾರ ಕಳೆದ ಮೇಲೆ ಬಟ್ಟೆ ಮಡಚುವಲ್ಲಿಗೆ ಬಂದು ನನ್ನ ಪಕ್ಕ ಕೂತಳು.

"ಗಿರಿಜಕ್ಕ, ಬಿನ್ ಮಹಮೂದಿನಲ್ಲಿ ಒಂದು ಬೆಕ್ಕಿನ ಕ್ಲಿನಿಕ್ ಉಂಟು. ಕರೀತಾ ಇದ್ದಾರೆ. ಹೋಗ್ತೇನೆ ಅಂತ ಮಾಡಿದ್ದೇನೆ."

"ಬೆಕ್ಕಾ?"

"ಬೆಕ್ಕು ಬಿದ್ದರೆ ಕಾಲು ಮುರಿಯೋದಿಲ್ಲ ಮಾರಾಯ್ರೆ."

ಹೋಗುವುದಾದರೆ ಹೋಗು, ಆದರೆ ಒಂದು ಕುದುರೆ ಬಿದ್ದದ್ದಕ್ಕೆ ಹೋಗುವುದಾದರೆ ನಾಳೆ ಬೆಕ್ಕೊಂದು ಸತ್ತರೆ ಗಿಳಿಯ ಡಾಕ್ಟರಾಗಬೇಕಾಗುತ್ತದೆ ಎಂದೆ. ಅವಳಿಗೆ ನಗು ಬರಲಿಲ್ಲ. ಇನ್ನೊಂದು ಸಲ ಹಾಗಾದರೆ ತನ್ನಿಂದ ಸಾಧ್ಯವೇ ಇಲ್ಲ, ಮುಂದಿನ ಆಪರೇಷನ್ ಬಂದರೆ ಪ್ರೊಫೆಸರೇ ಮಾಡಲಿ ಎಂದಳು. ಪ್ರೊಫೆಸರನ್ನು ಕೇಳಿದಾಗ ಅವರು ಮಾಮೂಲಿನಂತೆ ನೀವೇನಂತೀರಿ ಎಂದರಂತೆ.

ಮುಂದಿನದು ಬಂದದ್ದು ವರ್ಲ್ಡ್ ಕಪ್ ನಡೆಯುತ್ತಿದ್ದಾಗ. ಹಗಲು ಮ್ಯಾಚು. ಅರಬ್ ತಂಡವೊಂದು ಯಾವುದೋ ದೊಡ್ಡ ತಂಡದ ಮೇಲೆ ಆಡುವುದಿತ್ತು. ನಮ್ಮ ಅಂಗಳದಲ್ಲಿ ಶಾಮಿಯಾನ ಹಾಕಿ ದೊಡ್ಡ ಟಿ.ವಿ. ಇಟ್ಟಿದ್ದರು. ಡ್ರೈವರುಗಳು, ಲಾಯದವರು, ವಾಚ್‌ಮನ್‌ಗಳು ಬೆಳಿಗ್ಗೆಯಿಂದಲೇ ಕುರ್ಚಿ ಹಿಡಿದಿದ್ದರು. ಅಷ್ಟರಲ್ಲಿ ಅಬು ಸಾಲೆಂ ಎಂಬ ವಯಸ್ಸಾದ ಯಜಮಾನ ತನ್ನ ಹೆಣ್ಣು ಕುದುರೆಯನ್ನು ಕರೆತಂದ. ರೇಸಿನ ಕುದುರೆಯಲ್ಲ, ಮನೆಯ ಕುದುರೆ, ಶಮ್ಮಾ ಅಂತ ಹೆಸರು. ನೆಲಕ್ಕೆ ಬಿದ್ದು ಹೊರಳುತ್ತಿತ್ತು, ಮೈಯೆಲ್ಲ ಬೆವರು. ಶಾಹಿನ ಹೊಟ್ಟೆಗೆ ಕಿವಿಯಿಟ್ಟಳು, ಸ್ಕ್ಯಾನ್ ನೋಡಿದಳು. ಕರುಳು ತಿರುಚಿದೆ, ಈಗಲೇ ಕೊಯ್ಯಬೇಕು.

ಅವಳು ಪ್ರೊಫೆಸರ ಮುಖ ನೋಡಿದಳು. ಅವರು ಗೌನ್ ಹಾಕಿಕೊಂಡದ್ದು ನೋಡಿ ನನಗೆ ಸಮಾಧಾನವಾಯಿತು. ಆದರೆ ಅವರು ಮೇಜಿನ ಆಚೆ ಬದಿಗೆ, ಸಹಾಯಕರು ನಿಲ್ಲುವ ಜಾಗಕ್ಕೆ ಹೋಗಿ ನಿಂತರು. ಚಾಕು ಹಿಡಿಯುವ ಬದಿ ಖಾಲಿ ಇತ್ತು. ಬೇರೆ ದಾರಿಯಿಲ್ಲದೆ ಅವಳು ಬಂದು ಅಲ್ಲಿ ನಿಂತಳು.

ಆಪರೇಷನ್ ಸರಿಯಾಗಿ ಆಯಿತು. ಅದರ ಬಗ್ಗೆ ಹೇಳುವುದು ಏನೂ ಇಲ್ಲ, ಸರಿಯಾದ ಆಪರೇಷನ್ನಿಗೆ ಕಥೆ ಇರುವುದಿಲ್ಲ. ರಿಕವರಿ ರೂಮಿಗೆ ಇಳಿಸುವ ಹೊತ್ತಿಗೆ ಮ್ಯಾಚು ಶುರುವಾಗಿತ್ತು. ಕಿವಿಗೆ ಹತ್ತಿ ತುಂಬಿ ಕೆಂಪು ದಾರ ಹೊರಗೆ ಬಿಟ್ಟು ನಾನು ಅಂಗಳಕ್ಕೆ ಹೋದೆ. ಹತ್ತಿ ಸಣ್ಣ ಸದ್ದಿಗೆ ಸಾಕು, ಒಂದು ಅಂಗಳ ಗಂಡಸರಿಗೆ ಸಾಲದು.

ಟಿ.ವಿ.ಯ ಮುಂದೆ ನಿಂತು ನನಗೆ ಬರುವ ಹಿಂದಿ ಅರಬ್ಬಿ ಎರಡನ್ನೂ ಕಲಸಿ ಹೇಳಿದೆ, ಸೌಂಡ್ ಮಾಫಿ, ಅಂದರೆ ಸದ್ದು ಇಲ್ಲ, ಗೋಲ್ ಆದರೂ ಮಾಫಿ. ಒಳಗೆ ಕುದುರೆ ಏಳುತ್ತಿದೆ. ಒಬ್ಬ ಇಂಶಾಅಲ್ಲಾ ಎಂದ. ಇಂಶಾಅಲ್ಲಾ ಬೇಡ, ಬಾಯಿ ಮುಚ್ಚಿದರೆ ಸಾಕು ಎಂದೆ. ಅವರು ನಕ್ಕರು. ಅಬು ಸಾಲೆಂ ಎದ್ದು ನಿಂತು ಅರಬ್ಬಿಯಲ್ಲಿ ಎರಡೇ ಮಾತು ಆಡಿದ. ಯಾರೋ ಟಿ.ವಿ.ಯ ಸದ್ದನ್ನು ಪೂರಾ ಕಡಿಮೆ ಮಾಡಿದರು. ಇದ್ರೀಸ್ ಟಿ.ವಿ.ಯನ್ನೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಬಂದು ತಲೆಯ ಹಗ್ಗ ಹಿಡಿದ. ಅವನ ಬೆನ್ನು ಅಂಗಳಕ್ಕೆ. ನಾನು ಬಾಲದ ಹಗ್ಗ ಹಿಡಿದು ನಿಂತಲ್ಲಿಂದ ಒಂದು ಕಡೆ ಕುದುರೆ ಕಾಣುತ್ತಿತ್ತು, ಇನ್ನೊಂದು ಕಡೆ ಕಿಟಕಿಯಲ್ಲಿ ಶಾಮಿಯಾನ.

ಶಾಹಿನ ಕುದುರೆಯ ತಲೆಯ ಹತ್ತಿರ ಕೂತಿದ್ದಳು. ಪ್ರೊಫೆಸರು ಬಾಗಿಲ ಗಾಜಿನ ಆಚೆ ಕೈಕಟ್ಟಿ ನಿಂತಿದ್ದರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಶಮ್ಮಾ ಮುಂಗಾಲು ಚಾಚಿ ಎದೆಯ ಮೇಲೆ ಎದ್ದು ಕೂತಿತು. ಹಿಂಗಾಲು ಒತ್ತಿತು. ಹಗ್ಗ ನನ್ನ ಕೈಯಲ್ಲಿ ಬಿಗಿಯಾಯಿತು. ಎಳೆಯುವ ಹೊತ್ತು ಇದೇ ಎಂದು ನನಗೆ ಖಂಡಿತ ಅನಿಸಿತು. ಗಾಜಿನ ಆಚೆ ಪ್ರೊಫೆಸರ ಕೈಯೂ ಎಳೆಯಿರಿ ಎಂಬಂತೆ ಮೇಲೆದ್ದಿತು. ನಾನು ಕಾಲು ಊರಿದೆ.

"ಬೇಡ," ಎಂದಳು ಶಾಹಿನ. ಟವೆಲ್ ಎತ್ತಿ ಕುದುರೆಯ ಕಣ್ಣನ್ನೇ ನೋಡುತ್ತಿದ್ದಳು. "ಗಿರಿಜಕ್ಕ, ಹಗ್ಗ ಸಡಿಲ ಬಿಡಿ. ಕಣ್ಣುಗುಡ್ಡೆ ಇನ್ನೂ ಆಚೆ ಈಚೆ ಕುಣೀತಾ ಉಂಟು. ಇವಳಿಗೆ ನೆಲ ಎಲ್ಲಿ ಅಂತ ಗೊತ್ತಿಲ್ಲ."

ಪ್ರೊಫೆಸರ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಕುದುರೆಯ ಕುತ್ತಿಗೆಗೆ ಆ ಕಡ್ಡಿ ಕೈ ಒತ್ತಿ ಹಿಡಿದು ಮತ್ತೆ ಮಲಗಿಸಿದಳು. ನಾನು ಹಗ್ಗ ಸಡಿಲಿಸಿದೆ. ಇನ್ನು ಅದು ಏಳದೇ ಹೋದರೆ, ಎದ್ದು ಬಿದ್ದರೆ, ಈ ಹುಡುಗಿ ನಾಳೆಯಿಂದ ಬೆಕ್ಕಿನ ಉಗುರು ಕತ್ತರಿಸುತ್ತಾಳೆ.

ಆಗ ಕಿಟಕಿಯಲ್ಲಿ ಶಾಮಿಯಾನ ಅಲ್ಲಾಡಿತು. ಗೋಲು ಆಗಿತ್ತು.

ಅಂಥದ್ದನ್ನು ನಾನು ಇನ್ನೊಮ್ಮೆ ನೋಡಿಲ್ಲ. ಅಷ್ಟೂ ಗಂಡಸರು ಎದ್ದು ನಿಂತು ಕುಣಿದರು, ಒಂದು ಸದ್ದಿಲ್ಲ. ಒಬ್ಬ ತನ್ನ ಬಾಯಿಗೆ ತಾನೇ ಟೊಪ್ಪಿ ತುರುಕಿಕೊಂಡಿದ್ದ. ಇಬ್ಬರು ವಾಚ್‌ಮನ್‌ಗಳು ತಬ್ಬಿಕೊಂಡು ಒಬ್ಬರ ಬಾಯಿ ಒಬ್ಬರು ಮುಚ್ಚಿದ್ದರು. ಅಬು ಸಾಲೆಂ ತಲೆಯ ಬಿಳಿ ಬಟ್ಟೆ ಬಿಚ್ಚಿ ಗಾಳಿಯಲ್ಲಿ ತಿರುಗಿಸುತ್ತಿದ್ದ, ತುಟಿ ಕಚ್ಚಿಕೊಂಡು. ಒಬ್ಬ ಕುರ್ಚಿಯನ್ನು ಎತ್ತಿ ಹಿಡಿದು, ಕೆಳಗಿಟ್ಟರೆ ಸದ್ದಾಗುತ್ತದೆಂದು ಹಾಗೆಯೇ ನಿಂತಿದ್ದ. ದೂರದ ರಸ್ತೆಯಲ್ಲಿ ಹಾರ್ನ್ ಶುರುವಾಯಿತು, ಅದನ್ನು ಯಾರೂ ತಡೆಯುವ ಹಾಗಿರಲಿಲ್ಲ. ಶಮ್ಮಾಳ ಕಿವಿಯ ಕೆಂಪು ದಾರ ಒಮ್ಮೆ ಅಲ್ಲಾಡಿತು. ಅಷ್ಟೇ.

"ಮಾಮಾ," ಇದ್ರೀಸ್ ಪಿಸುಗುಟ್ಟಿದ, ತಿರುಗದೆ. "ಯಾರು ಹೊಡೆದದ್ದು?"

"ಯಾರೋ ಒಬ್ಬ ಹೊಡೆದ. ನೀನು ಹಗ್ಗ ನೋಡು."

ಮತ್ತೆ ಸ್ವಲ್ಪ ಹೊತ್ತು ಕಳೆಯಿತು. ಶಾಹಿನ ಟವೆಲ್ ಎತ್ತಿ ನೋಡಿದಳು, ಈ ಸಲ ಪೂರಾ ತೆಗೆದಳು. ಮೆಲ್ಲನೆ ಹಿಂದೆ ಸರಿದು ಹೊರಗೆ ಬಂದು ನಮ್ಮ ಪಕ್ಕ ನಿಂತಳು. ಶಮ್ಮಾ ಎದೆಯ ಮೇಲೆ ಎದ್ದು ಕೂತು, ಯಾವುದೋ ಲೆಕ್ಕ ಹಾಕುವವಳ ಹಾಗೆ ಗೋಡೆ ನೋಡಿತು. ಮುಂಗಾಲು ಊರಿತು.

"ಈಗ," ಎಂದಳು.

ಎಳೆದೆವು. ನನ್ನ ಮಂಡಿಯನ್ನು ಅವತ್ತು ಆ ಕುದುರೆಗೆ ಕೊಟ್ಟೆ, ಇನ್ನೂ ವಾಪಸು ಬಂದಿಲ್ಲ. ಶಮ್ಮಾ ಒಂದೇ ಸಲಕ್ಕೆ ಎದ್ದು ನಿಂತಿತು. ಹಿಂಗಾಲು ನಡುಗಿತು, ಅಗಲಿಸಿ ಊರಿತು, ನಿಂತಿತು. ನಾಲ್ಕೂ ಕಾಲು ನೆಟ್ಟಗಿದ್ದವು. ಹೀಗೇ ಬಹಳ ಹೊತ್ತು ನಿಂತ ಮೇಲೆ ಮೂಗಿನಿಂದ ದೊಡ್ಡದಾಗಿ ಉಸಿರು ಬಿಟ್ಟಿತು, ನಮ್ಮನ್ನೆಲ್ಲ ಬೈದ ಹಾಗೆ.

ಪ್ರೊಫೆಸರು ಒಳಗೆ ಬಂದರು. ಅವರು ಕೈ ತೋರಿಸಿದ್ದನ್ನು ಅವಳು ಗಮನಿಸಿದ್ದಳೇ ಎಂದು ಕೇಳಿದರು. ಓರೆಗಣ್ಣಿಗೆ ಕಂಡಿತ್ತು ಸರ್ ಎಂದಳು. ನಾನು ಹೇಳಿದ ಹೊತ್ತಿಗೆ ಎಳೆದಿದ್ರೆ, ನೀವೇನಂತೀರಿ ಎಂದರು.

"ಬೀಳ್ತಿತ್ತು ಸರ್."

"ಹೌದು ಕಣಮ್ಮ, ಬೀಳ್ತಿತ್ತು," ಎಂದರು. ಅವರ ಬಾಯಿಂದ ಉತ್ತರ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಾಳೆ ಬೆಳಗಿನ ಕ್ಲಾಸ್ ನಿಮ್ದು. ಇದನ್ನೇ ಹೇಳ್ಕೊಡಿ. ನಾನೂ ಬಂದು ಕೂತ್ಕೋತೀನಿ."

ಕುದುರೆ ಗಟ್ಟಿಯಾಗಿ ನಿಂತಿದೆ, ಹತ್ತಿ ಇನ್ನೂ ಕಿವಿಯಲ್ಲಿದೆ, ಇನ್ನು ಪರವಾಗಿಲ್ಲ ಎಂದ ಮೇಲೆ ನಾನು ಅಂಗಳಕ್ಕೆ ಹೋಗಿ ಖಲಾಸ್, ಈಗ ಕೂಗಿ ಎಂದೆ. ಅಷ್ಟು ಹೊತ್ತು ಗಂಟಲಲ್ಲಿ ಹಿಡಿದಿಟ್ಟ ಗೋಲನ್ನು ಎಲ್ಲರೂ ಒಟ್ಟಿಗೆ ಬಿಟ್ಟರು. ಶಾಮಿಯಾನ ಹಾರಿಹೋಗುವ ಹಾಗೆ ಸದ್ದು. ಟಿ.ವಿ.ಯಲ್ಲಿ ಆಗ ಆಟಗಾರನೊಬ್ಬ ಕೂತು ಕಾಲುಚೀಲ ಸರಿಮಾಡಿಕೊಳ್ಳುತ್ತಿದ್ದ. ಕುರ್ಚಿ ಎತ್ತಿದ್ದವನು ಅದನ್ನು ಧಡ್ ಎಂದು ಕೆಳಗೆ ಹಾಕಿದ. ಇದ್ರೀಸ್ ಓಡಿ ಬಂದು ಗೋಲು ಹೊಡೆದವನ ಹೆಸರು ಕೇಳಿದ, ಆ ಗದ್ದಲದಲ್ಲಿ ಹೇಳುವವರಿರಲಿಲ್ಲ.

ಸದ್ದು ಇಳಿದ ಮೇಲೆ ಶಾಹಿನ ಕೆಂಪು ದಾರ ಎಳೆದು ಎರಡೂ ಕಿವಿಯ ಹತ್ತಿ ತೆಗೆದಳು. ಬೆಕ್ಕಿನ ಕ್ಲಿನಿಕ್ಕಿಗೆ ಏನು ಹೇಳುವುದು ಎಂದು ಕೇಳಿದೆ. ಅವಳು ಹತ್ತಿಯನ್ನು ನನ್ನ ಕೈಗೆ ತುರುಕಿದಳು.

"ಇದನ್ನು ಇಟ್ಕೊಳ್ಳಿ ಗಿರಿಜಕ್ಕ. ನಮಗೆ ಇನ್ನೂ ಬೇಕಾಗ್ತದೆ."

ಕುದುರೆಯ ಕಿವಿಯ ಹತ್ತಿಯನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಹೋಗಿ ಬಿಸಾಡಿದೆ. ದಾರವನ್ನು ಮಾತ್ರ ಒಗೆದು ಒಣಗಲು ಹಾಕಿದೆ. ಬೆಳಿಗ್ಗೆ ಕ್ಲಾಸಿತ್ತು.